ಶರಪಂಜರ: ಮರೆತವರು ಯಾರು?

ನೆನಪು ಕಳೆದುಕೊಂಡ ನಾಯಕಿ, ಮನೆತನ ಮುಚ್ಚಿಟ್ಟ ಗುಟ್ಟು – ಪ್ರಣಯ ಕಾದಂಬರಿಯ ಕುತೂಹಲಕ್ಕೆ ಇವೆರಡೇ ಸಾಕು. ತ್ರಿವೇಣಿಯವರ (1928–1963) ‘ಶರಪಂಜರ’ದಲ್ಲಾದರೋ ಮರೆವು ನಾಯಕಿಯದಲ್ಲ, ಮನೆಯವರದು. ಬಾಣಂತಿ ಸನ್ನಿಗೆ ತುತ್ತಾದ ಕಾವೇರಿ ಚಿಕಿತ್ಸೆಯಿಂದ ಗುಣಮುಖಳಾಗಿ ಮರಳುತ್ತಾಳೆ. ಮನೆಯವರು ಆಕೆಯ ಕಾಯಿಲೆಯನ್ನು ನೆನಪಿಟ್ಟು, ಗುಣವಾದುದನ್ನು ಮರೆಯುತ್ತಾರೆ. ಪತಿಯ ಗುಟ್ಟು ಬಯಲಾದಾಗ ಆಕೆಯ ಮನಸ್ಸು ಮತ್ತೆ ಕುಸಿಯುತ್ತದೆ. ಮನಶ್ಶಾಸ್ತ್ರವನ್ನು ಅಭ್ಯಸಿಸಿದ್ದ ಲೇಖಕಿ, ರೋಗಕ್ಕಿಂತ ಸುತ್ತಲಿನವರ ಸಂಶಯವೇ ಘೋರವೆಂದು ತೋರಿದ್ದಾರೆ. 1971ರಲ್ಲಿ ಪುಟ್ಟಣ್ಣ ಕಣಗಾಲರು ಇದನ್ನು ತೆರೆಗೆ ತಂದರು. ಕಾವೇರಿಯ ಪಾತ್ರ ಕಲ್ಪನಾ ಅವರದು.

ಮೈಲಾಪುರದ ನಮ್ಮ ಮನೆಗಳಲ್ಲಿಯೂ ಇಂತಹ ಕಾಯಿಲೆಯ ಮಾತು ಇಂದಿಗೂ ಪಿಸುದನಿಯಲ್ಲೇ ನಡೆಯುತ್ತದೆ. ಗುಣವಾಗಿ ಬಂದವರನ್ನು ಮೊದಲಿನಂತೆಯೇ ಕಾಣುವುದು ಔಷಧದಷ್ಟೇ ಅಗತ್ಯವೆಂಬುದನ್ನು ಈ ಕೃತಿಯನ್ನು ಓದಿದವರು ಬಲ್ಲರು.