ಟೈರಿನಡಿಯ ಗರಿಕೆ

ಗ್ರಾಸ್ ಪೇವರ್ ಎಂದರೆ ನಡುನಡುವೆ ತೂತುಗಳಿರುವ ಕಾಂಕ್ರೀಟ್ ಬಿಲ್ಲೆ. ಕಾರಿನ ಭಾರವನ್ನು ಕಾಂಕ್ರೀಟ್ ಹೊರುತ್ತದೆ, ತೂತಿನ ಮಣ್ಣಿನಲ್ಲಿ ಗಿಡ ಬೆಳೆಯುತ್ತದೆ, ಮಳೆನೀರು ಅಲ್ಲೇ ಇಂಗುತ್ತದೆ. 15 ಚದರ ಮೀಟರ್ ಜಾಗದಲ್ಲಿ 20 ಮಿ.ಮೀ. ಮಳೆಯಾದರೆ ಬೀಳುವ ನೀರು 300 ಲೀಟರ್. ಸಿಮೆಂಟ್ ನೆಲವಾದರೆ ಅದರಲ್ಲಿ ಬಹುಪಾಲು ಚರಂಡಿ ಸೇರುತ್ತದೆ.

ಬೆಂಗಳೂರಿನಲ್ಲಿ ಈ ತೂತುಗಳಿಗೆ ಹಾಕುವ ಗಿಡ ಡಿಸೆಂಬರಿನಿಂದ ಮಾರ್ಚ್‌ವರೆಗಿನ ಒಣಹವೆಯನ್ನು ತಾಳಬೇಕು. 2024ರ ಮಾರ್ಚ್‌ನಲ್ಲಿ ಕೈತೋಟಕ್ಕೆ ಕುಡಿಯುವ ನೀರು ಹರಿಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿದ್ದುಂಟು. ದಿನವೂ ನೀರು ಬೇಡುವ ಹುಲ್ಲು ಇಲ್ಲಿಗೆ ಆಗದು.

ಮೊದಲ ಆಯ್ಕೆ ಗರಿಕೆ, ಗಣಪತಿಗೆ ಏರಿಸುವ ಅದೇ ಗರಿಕೆ. ಒಂದು ಎಳೆ ಕಿತ್ತು ನೋಡಿದರೆ ನೆಲಕ್ಕೆ ತಾಗಿದ ಗೆಣ್ಣುಗಳಲ್ಲೆಲ್ಲ ಬೇರು ಕಾಣುತ್ತದೆ. ಮಣ್ಣಿನೊಳಗೂ ಅದರ ಕಾಂಡ ಹರಿದಿರುತ್ತದೆ. ಟೈರು ಹರಿದರೆ ಎಲೆಯ ತುದಿ ನಲುಗುತ್ತದೆ, ಬುಡ ಉಳಿಯುತ್ತದೆ. ಬೇಸಿಗೆಯಲ್ಲಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿದರೂ ಒಂದೆರಡು ಮಳೆ ಬಿದ್ದರೆ ಚಿಗುರುತ್ತದೆ. ಅದಕ್ಕೆ ಆಗದ್ದು ನೆರಳು. ಕಾರು ಹಗಲೆಲ್ಲ ನಿಂತಿರುವ ಮನೆಯಲ್ಲಿ ಹಸಿರಿನ ಆಸೆ ಬಿಟ್ಟು ತೂತುಗಳಿಗೆ ಸಣ್ಣ ಜಲ್ಲಿ ತುಂಬುವುದೇ ಲೇಸು.

ಗದ್ದೆಯ ಬದು, ಕೆರೆಯಂಚುಗಳಲ್ಲಿ ಹಬ್ಬುವ ನೆಲಹಿಪ್ಪಲಿ ಕಾಲ್ತುಳಿತ ತಾಳುತ್ತದೆ. ಬೇರೂರಿದ ಮೇಲೆ ನೀರೂ ಕಡಿಮೆ ಸಾಕು. ಅದರ ಪುಟ್ಟ ಹೂವಿಗೆ ಜೇನ್ನೊಣ ಮುತ್ತುವುದರಿಂದ ಮಕ್ಕಳು ಬರಿಗಾಲಲ್ಲಿ ಓಡಾಡುವ ಕಡೆ ಬೇಡ. ನೀಲಿ ಹೂವಿನ ವಿಷ್ಣುಕ್ರಾಂತಿ ಒಣನೆಲದ್ದೇ ಗಿಡ, ಆದರೆ ಟೈರಿನ ಭಾರ ತಡೆಯದು; ಎರಡು ಚಕ್ರಗಳ ನಡುವಿನ ಪಟ್ಟಿ ಅದಕ್ಕೆ ತಕ್ಕ ಜಾಗ. ಟೇಬಲ್ ರೋಸಿನ ರಸತುಂಬಿದ ಕಾಂಡ ಒತ್ತಿದರೆ ಅಪ್ಪಚ್ಚಿಯಾಗುತ್ತದೆ, ಹಾಗಾಗಿ ಅದು ಅಂಚಿಗಷ್ಟೇ. ಹಳದಿ ಹೂವಿನ ವೆಡೇಲಿಯ ನರ್ಸರಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಕಾಂಪೌಂಡ್ ದಾಟಿ ಹಬ್ಬಿ ಊರಿನ ಗಿಡಗಳನ್ನು ಮುಚ್ಚಿಹಾಕುವ ಅದನ್ನು ತರದಿರುವುದೇ ಕ್ಷೇಮ.

ಗಿಡ ಸರಿಯಾಗಿದ್ದೂ ಕೆಡುವುದು ಮಣ್ಣಿನಿಂದ. ಬರೀ ಕೆಮ್ಮಣ್ಣು ತುಂಬಿದರೆ ಚಕ್ರದ ಒತ್ತಡಕ್ಕೆ ಇಟ್ಟಿಗೆಯಂತೆ ಗಟ್ಟಿಯಾಗಿ ನೀರು ಮೇಲೆಯೇ ನಿಲ್ಲುತ್ತದೆ. ಪೇವರಿನ ಕೆಳಗೆ ಪುಡಿಯಿಲ್ಲದ ಜಲ್ಲಿ, ತೂತಿನೊಳಗೆ ಹೆಚ್ಚು ಮರಳು, ಸ್ವಲ್ಪ ಮಣ್ಣು ಮತ್ತು ಗೊಬ್ಬರ ಇರಬೇಕು. ಬಾಯಿಮಟ್ಟ ತುಂಬದೆ ಎರಡು ಸೆಂಟಿಮೀಟರ್ ತಗ್ಗಿಸಿದರೆ ಗರಿಕೆಯ ಬುಡ ಟೈರಿಗೆ ಸಿಗುವುದಿಲ್ಲ.

ನಾಟಿಗೆ ಜೂನ್ ಹದವಾದ ಕಾಲ. ಒಂದೊಂದು ತೂತಿಗೆ ಬೇರುಸಹಿತ ಎರಡು ಮೂರು ತುಂಡು ಸಾಕು. ಸೆಪ್ಟೆಂಬರ್, ಅಕ್ಟೋಬರಿನ ಮಳೆಯ ಹೊತ್ತಿಗೆ ಬೇರು ಆಳಕ್ಕಿಳಿದಿರುತ್ತದೆ. ಗೆಣ್ಣುಗಳು ಮಣ್ಣು ಹಿಡಿಯುವ ಮೊದಲ ಕೆಲವು ವಾರ ಮಾತ್ರ ಕಾರು ಗೇಟಿನ ಹೊರಗೇ ನಿಲ್ಲಬೇಕು.