ಡಯಾಲಿಸಿಸ್ ರೋಗಿಗಳೂ ರಕ್ತದ ನಂಜೂ

ಮೂತ್ರಪಿಂಡಗಳು ಕೆಲಸ ನಿಲ್ಲಿಸಿದಾಗ ರೋಗಿಯ ರಕ್ತವನ್ನು ಯಂತ್ರದಲ್ಲಿ ಹಾಯಿಸಿ, ಶುದ್ಧಗೊಳಿಸಿ, ಮರಳಿ ಮೈಗೆ ಸೇರಿಸುವುದೇ ಡಯಾಲಿಸಿಸ್. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು 4 ತಾಸು. ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಿಂದ ಎಷ್ಟೋ ಮನೆಗಳಲ್ಲಿ ಇದರ ಖರ್ಚಿನ ಭಾರ ಇಳಿದಿದೆ. ಆದರೆ ಚಿಕಿತ್ಸೆ ಸರಿಯಾಗಿ ನಡೆದಿರುವಾಗಲೇ ರೋಗಿಯನ್ನು ಕೆಡವುವ ಇನ್ನೊಂದು ಅಪಾಯವಿದೆ: ರಕ್ತಕ್ಕೆ ನಂಜೇರುವುದು.

ಈ ನಂಜು ಹೆಚ್ಚಾಗಿ ಬರುವುದು ಕೊರಳಿನ ನಳಿಗೆಯಿಂದ. ಯಂತ್ರಕ್ಕೆ ನಿಮಿಷಕ್ಕೆ 200ರಿಂದ 300 ಮಿಲಿಲೀಟರ್ ರಕ್ತ ಬೇಕು. ಕೈಯ ಸಾಮಾನ್ಯ ನರ ಅಷ್ಟು ಕೊಡಲಾರದು. ಆದ್ದರಿಂದ ಅವಸರದಲ್ಲಿ ಬಂದ ರೋಗಿಗೆ ಕೊರಳಿನ ದೊಡ್ಡ ರಕ್ತನಾಳದೊಳಗೆ ನಳಿಗೆ ಇಡುತ್ತಾರೆ. ಅದರ ಒಂದು ತುದಿ ಹೃದಯದ ಸಮೀಪ, ಇನ್ನೊಂದು ಚರ್ಮದ ಹೊರಗೆ. ಚರ್ಮದ ಮೇಲೂ ಮೂಗಿನಲ್ಲೂ ಸುಮ್ಮನೆ ವಾಸಿಸುವ ಸ್ಟಾಫಿಲೋಕಾಕಸ್ ಎಂಬ ರೋಗಾಣುವಿಗೆ ಇದು ತೆರೆದ ಬಾಗಿಲು. ಒಳಹೊಕ್ಕರೆ ಹೃದಯದ ಕವಾಟವನ್ನೂ ಬೆನ್ನುಮೂಳೆಯನ್ನೂ ಹಿಡಿಯಬಲ್ಲದು.

ಇದಕ್ಕೆ ಉತ್ತಮ ಉಪಾಯವನ್ನು ಬ್ರೆಶಿಯಾ, ಸಿಮಿನೋ ಮತ್ತು ಅವರ ಸಂಗಡಿಗರು 1966ರಲ್ಲಿ ನ್ಯೂಯಾರ್ಕಿನಿಂದ ಪ್ರಕಟಿಸಿದರು. ಕೈಯ ಒಂದು ನರವನ್ನು ಪಕ್ಕದ ಧಮನಿಗೆ ಜೋಡಿಸುವುದು. ಅದಕ್ಕೆ ಫಿಸ್ಟುಲಾ ಎನ್ನುತ್ತಾರೆ. ರಕ್ತದ ರಭಸಕ್ಕೆ ನರ ದಪ್ಪಗಾಗುತ್ತದೆ, ಸೂಜಿ ಚುಚ್ಚಲು ಅನುಕೂಲವಾಗುತ್ತದೆ. ಸೂಜಿ ತೆಗೆದ ಮೇಲೆ ಹೊರಗೆ ಏನೂ ಉಳಿಯದು. ಆದರೆ ನರ ಬಲಿಯಲು ಒಂದೂವರೆಯಿಂದ ಮೂರು ತಿಂಗಳು ಬೇಕು. ನಮ್ಮ ಜನ ತಡಮಾಡುವುದು ಇಲ್ಲಿಯೇ. “ನಳಿಗೆಯಿಂದ ಕೆಲಸ ನಡೆದಿದೆಯಲ್ಲ, ಮತ್ತೆ ಕೈ ಏಕೆ ಕೊಯ್ಯಿಸಬೇಕು?” ಎನ್ನುತ್ತಾರೆ. ಈ ರೋಗದಲ್ಲಿ ಇದಕ್ಕಿಂತ ದುಬಾರಿಯಾದ ಉಳಿತಾಯ ನನಗೆ ಕಾಣದು. ಮೂತ್ರಪಿಂಡ ಸೋಲುತ್ತಿದೆಯೆಂದು ವೈದ್ಯರು ಹೇಳಿದಾಗಲೇ ಫಿಸ್ಟುಲಾದ ಮಾತೆತ್ತಬೇಕು. ಆ ಕೈಯಲ್ಲಿ ಸೂಜಿ ಚುಚ್ಚಿಸಬಾರದು, ರಕ್ತದೊತ್ತಡವನ್ನೂ ನೋಡಿಸಬಾರದು.

ನಳಿಗೆ ಇರುವವರು ಅದರ ಪಟ್ಟಿಯನ್ನು ತೋಯಿಸಬಾರದು. ನಾಸಿಕಕ್ಕೆ ಬಂದ ಮೇಲೆ ರಾಮಕುಂಡದಲ್ಲಿ ಮುಳುಗಬೇಕೆಂಬ ಆಸೆ ಊರಿನಿಂದ ಬಂದ ಹಿರಿಯರಿಗೆ ಸಹಜ. ನಳಿಗೆಯಿದ್ದರೆ ಕಾಲು ತೊಳೆದುಕೊಂಡರೆ ಸಾಕು, ದೇವರು ಮುನಿಯಲಾರ. ನಳಿಗೆಯ ಬಿರಡೆ ತೆಗೆಯುವಾಗ ರೋಗಿಯೂ ದಾದಿಯೂ ಮೂಗು ಬಾಯಿ ಮುಚ್ಚಿಕೊಂಡಿರಬೇಕು.

ಯಂತ್ರಕ್ಕೆ ಹಚ್ಚಿದಾಗ ಚಳಿ ನಡುಕ ಬಂದರೆ ಕಂಬಳಿ ಹೊದ್ದು ಸುಮ್ಮನಿರಬಾರದು. ಮನೆಯಲ್ಲಿ ಜ್ವರ ಬಂದರೂ ಮಾತ್ರೆ ನುಂಗಿ ಮುಂದಿನ ಪಾಳಿಯವರೆಗೆ ಕಾಯಬಾರದು. ಜ್ವರವಿಲ್ಲದೆ ಬರಿಯ ಮಂಕು, ನಿತ್ರಾಣ ಕಂಡರೂ ಸಂಶಯಪಡಬೇಕು. ಈ ರೋಗಿಗಳಲ್ಲಿ ಮೈಯ ಪ್ರತಿಭಟನೆಯೇ ಕಡಿಮೆ. ಔಷಧಕ್ಕೆ ಮೊದಲೇ ರಕ್ತವನ್ನು ಕಲ್ಚರ್ ಪರೀಕ್ಷೆಗೆ ತೆಗೆದರೆ ಯಾವ ರೋಗಾಣುವೆಂದು ತಿಳಿಯುವುದು ಸುಲಭ. ಮರಾಠಿ ಬಾರದ ತಾಯಿತಂದೆಯರಿಗೆ ಇಷ್ಟಾದರೂ ಕಲಿಸಿಡಿರಿ. ನಾಸಿಕದ ಸಿವಿಲ್ ಆಗಲಿ, ಛತ್ರಪತಿ ಸಂಭಾಜಿನಗರದ ಘಾಟಿ ದವಾಖಾನೆಯಾಗಲಿ, ದಾದಿಯನ್ನು ಕರೆದು “ಥಂಡಿ ವಾಜತೇ, ತಾಪ ಆಲಾ” ಎಂದರೆ ಸಾಕು, ಅರ್ಥವಾಗುತ್ತದೆ.