ಬೆಟ್ಟ ಹತ್ತುವ ಉಗಿಬಂಡಿ

ನಮ್ಮ ವಯನಾಡು ಜಿಲ್ಲೆಯಲ್ಲಿ ರೈಲು ಹಳಿಯೇ ಇಲ್ಲ. ನಂಜನಗೂಡಿನಿಂದ ಸುಲ್ತಾನ್ ಬತ್ತೇರಿಯ ಮೂಲಕ ನಿಲಂಬೂರಿಗೆ ಹಳಿ ಹಾಕಬೇಕೆಂಬ ಬೇಡಿಕೆ ಬಹಳ ಹಳೆಯದು. ಹಳಿ ಮಾತ್ರ ಬಂದಿಲ್ಲ. ಇಂಥ ಬೆಟ್ಟಗಳಿಗೆ ರೈಲು ಹತ್ತೀತೇ ಎಂದು ಕೇಳುವವರು ಈ ರಜೆಯಲ್ಲಿ ಮಕ್ಕಳೊಡನೆ ಗೂಡಲೂರಿನ ದಾರಿಯಾಗಿ ಊಟಿಗೆ ಹೋಗಿ, ಅಲ್ಲಿಯ ರೈಲನ್ನೇರಬೇಕು.

ಮೆಟ್ಟುಪಾಳ್ಯಂನಿಂದ ಕೂನೂರಿಗೆ 1899ರಲ್ಲಿ ಆರಂಭವಾದ ಈ ರೈಲು 1908ರಲ್ಲಿ ಊಟಿ ಮುಟ್ಟಿತು. ದಾರಿ 46 ಕಿಲೋಮೀಟರು, ಸುರಂಗಗಳು 16. ಕಲ್ಲಾರ್–ಕೂನೂರು ನಡುವೆ ಏರು ಬಲು ಕಡಿದು: ಕೆಲವೆಡೆ 12 ಅಡಿ ಸಾಗಿದರೆ 1 ಅಡಿ ಏರಬೇಕು. ಬರಿಯ ಚಕ್ರ ಅಲ್ಲಿ ಜಾರೀತೆಂದು ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಸಿದ್ದಾರೆ. ಎಂಜಿನಿನ ಹಲ್ಲುಚಕ್ರ ಅದನ್ನು ಕಚ್ಚಿ ಹತ್ತುತ್ತದೆ. ಎಂಜಿನು ಸದಾ ಕೆಳತುದಿಯಲ್ಲಿ: ಏರುವಾಗ ಹಿಂದಿನಿಂದ ನೂಕುತ್ತದೆ, ಇಳಿಯುವಾಗ ಮುಂದೆ ನಿಂತು ತಡೆಯುತ್ತದೆ.

ಊಟಿಯಿಂದ ಕೂನೂರಿನವರೆಗೆ ಡೀಸೆಲ್ ಎಂಜಿನು. ಉಗಿಯೆಂಜಿನು ಅಲ್ಲಿಂದ ಕೆಳಗೆ. ಆದುದರಿಂದ ಕೂನೂರಿನಲ್ಲೇ ಇಳಿದುಬಿಡಬಾರದು. ದಾರಿಯಲ್ಲಿ ಕೇತಿಯ ಕಡೆಯ ಬಡಗರ ಮಾತಿಗೆ ಕಿವಿಗೊಡಿ. ನಮ್ಮ ಕನ್ನಡಕ್ಕೆ ತೀರ ಹತ್ತಿರದ ನುಡಿ ಅದು. ಮಳೆಗಾಲದಲ್ಲಿ ಮಣ್ಣು ಕುಸಿದು ಓಡಾಟ ನಿಲ್ಲುವುದುಂಟು. ವಿಚಾರಿಸಿಕೊಂಡೇ ಹೊರಡುವುದು ಲೇಸು.

2005ರಲ್ಲಿ ಯುನೆಸ್ಕೊ ಈ ರೈಲುದಾರಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಡುವಿನ ಕಾಡನ್ನೂ ಅಲ್ಲಿಯ ಆನೆಗಳನ್ನೂ ಕಾಯುವ ಪ್ರಶ್ನೆ ನಿಜವಾದುದು. ಅದಕ್ಕೆ ಉತ್ತರ ಹುಡುಕಲೇಬೇಕು. ಆದರೆ ನೂರು ವರ್ಷಕ್ಕೂ ಹಿಂದೆ ನೀಲಗಿರಿಯನ್ನೇರಿದ ರೈಲನ್ನು ಕಂಡ ಮೇಲೆ, ವಯನಾಡಿಗೆ ಬೆಟ್ಟವೇ ಅಡ್ಡಿಯೆಂಬ ಮಾತನ್ನು ನಾವು ಒಪ್ಪಲಾರೆವು.